ಗೋಡೆಯೊಳಗಿನ ನೀರಿಗೆ ದಾರಿ ಬೇಕು: ಸುಣ್ಣ, ಮಣ್ಣಿನ ಕಟ್ಟಡದ ಲೆಕ್ಕಾಚಾರ

ಹಳೆಯ ಮಣ್ಣಿನ ಗೋಡೆಯೊಂದು ತಲೆಮಾರುಗಳ ಕಾಲ ತನ್ನ ಪಾಡಿಗೆ ನಿಂತಿರುತ್ತದೆ. ಯಾರೋ ಒಬ್ಬರು ‘ಇನ್ನಷ್ಟು ಗಟ್ಟಿಯಾಗಲಿ’ ಅಂತ ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಮಾಡಿಸುತ್ತಾರೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲಾಸ್ಟರ್ ಉಬ್ಬುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಆಗ ಬೈಗುಳ ಬೀಳುವುದು ಮಣ್ಣಿಗೆ. ‘ಮಣ್ಣಿನ ಗೋಡೆ ಅಂದ್ರೆ ಇಷ್ಟೇ’ ಅಂತ ಷರಾ ಬರೆದು ಮುಗಿಸುತ್ತಾರೆ.

ಆದರೆ ಗೋಡೆ ಕೆಟ್ಟದ್ದು ಗಟ್ಟಿತನ ಕಡಿಮೆಯಾಗಿ ಅಲ್ಲ. ಒಳಗೆ ಬಂದ ನೀರಿಗೆ ಹೊರಗೆ ಹೋಗುವ ದಾರಿ ಮುಚ್ಚಿದ್ದರಿಂದ. ನೆಲದಿಂದ ತೇವ ಮೇಲಕ್ಕೆ ಏರುತ್ತದೆ. ಅಡುಗೆ, ಸ್ನಾನ, ಉಸಿರಾಟದಿಂದ ಮನೆಯೊಳಗೆ ಆವಿ ತುಂಬುತ್ತದೆ. ಪ್ಲಾಸ್ಟರಿನ ಕೂದಲೆಳೆ ಬಿರುಕಿನಿಂದ ಮಳೆ ನೀರು ಒಳನುಗ್ಗುತ್ತದೆ. ಮೊದಲು ಇದೆಲ್ಲ ಗೋಡೆಯ ಮೈಯಿಂದಲೇ ಆರಿ ಹೋಗುತ್ತಿತ್ತು. ಸಿಮೆಂಟಿನ ಪದರ ಬಂದ ಮೇಲೆ ನೀರು ಅದರ ಹಿಂದೆ ನಿಂತುಬಿಡುತ್ತದೆ. ಒದ್ದೆ ಮಣ್ಣಿಗೆ ಶಕ್ತಿ ಇಲ್ಲ. ಕುಸಿತ ಅಲ್ಲಿಂದ ಶುರು.

ಸುಣ್ಣ, ಜೇಡಿಮಣ್ಣಿನ ಕಟ್ಟಡದ ಬಗ್ಗೆ ಮಾತು ಬಂದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಗಟ್ಟಿ ಇರುತ್ತಾ?’. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೆಯದು: ನೀರು ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ?

ಗಟ್ಟಿತನದ ಲೆಕ್ಕವನ್ನು ಬೇಗ ಮುಗಿಸಿಬಿಡೋಣ. ಮೂರು ಮೀಟರ್ ಎತ್ತರದ ಮಣ್ಣಿನ ಗೋಡೆ ಇದೆ ಎಂದುಕೊಳ್ಳಿ. ಒಂದು ಘನ ಮೀಟರ್ ಮಣ್ಣಿನ ಗೋಡೆ ಸುಮಾರು 1,800 ಕೆ.ಜಿ. ತೂಗುತ್ತದೆ. ಅಂದರೆ ಗೋಡೆಯ ಬುಡದಲ್ಲಿ ಪ್ರತಿ ಚದರ ಮೀಟರಿಗೆ 5,400 ಕೆ.ಜಿ. ಭಾರ. ಕೇಳಲು ದೊಡ್ಡದು. ಎಂಜಿನಿಯರ್‌ಗಳ ಅಳತೆಯಲ್ಲಿ ಹೇಳಿದರೆ ಇದು ಪ್ರತಿ ಚದರ ಮಿಲಿಮೀಟರಿಗೆ ಬರೀ 0.05 ನ್ಯೂಟನ್. ಚೆನ್ನಾಗಿ ಮಾಡಿದ ಹಸಿ ಇಟ್ಟಿಗೆ, ಅಂದರೆ ಸುಡದ ಮಣ್ಣಿನ ಇಟ್ಟಿಗೆ, ಸಾಮಾನ್ಯವಾಗಿ 1ರಿಂದ 2 ನ್ಯೂಟನ್ ತಡೆಯುತ್ತದೆ. ಮಾಡಿನ ಭಾರ ಸೇರಿಸಿದರೂ ಒಂದಂತಸ್ತಿನ ಮನೆಗೆ ಇದು ಧಾರಾಳ. ಯೆಮನ್ ದೇಶದ ಶಿಬಾಮ್‌ನಲ್ಲಿ ಹಸಿ ಇಟ್ಟಿಗೆಯಿಂದಲೇ ಏಳೆಂಟು ಅಂತಸ್ತಿನ ಮನೆಗಳಿವೆ. ಅವುಗಳಲ್ಲಿ ಬಹುಪಾಲು 16ನೇ ಶತಮಾನದವು. ಅಲ್ಲಿನವರು ಮನೆಗಳ ನೆತ್ತಿಗೆ ಸುಣ್ಣ ಬಳಿಯುತ್ತಾರೆ. ಮಳೆ ನೀರು ಮೊದಲು ಬೀಳುವುದು ಅಲ್ಲೇ ಅಲ್ವಾ?

ಕಲ್ಲು ಸುಟ್ಟು ಮತ್ತೆ ಕಲ್ಲು ಮಾಡುವುದು

ಸುಣ್ಣದ ಕೆಲಸ ಒಂದು ಸುತ್ತು. ಸುಣ್ಣದಕಲ್ಲನ್ನೋ ಕಪ್ಪೆಚಿಪ್ಪನ್ನೋ ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಕಲ್ಲಿನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. 100 ಕೆ.ಜಿ. ಶುದ್ಧ ಸುಣ್ಣದಕಲ್ಲಿನಿಂದ 44 ಕೆ.ಜಿ. ಅನಿಲ ಹೋಗಿ 56 ಕೆ.ಜಿ. ಸುಟ್ಟ ಸುಣ್ಣ ಉಳಿಯುತ್ತದೆ. ನೋಡಲು ಕಲ್ಲಿನ ಹಾಗೆಯೇ ಇರುತ್ತದೆ, ಎತ್ತಿದರೆ ಹಗುರ.

ಇದಕ್ಕೆ ನೀರು ಸೇರಿದರೆ ಕೊತಕೊತ ಕುದಿಯುತ್ತದೆ. ಸುಣ್ಣ ಅರಳಿ ಪುಡಿಯಾಗುತ್ತದೆ. ನೀರು ಜಾಸ್ತಿ ಇದ್ದರೆ ಬೆಣ್ಣೆಯಂಥ ಮುದ್ದೆಯಾಗುತ್ತದೆ. ಲೆಕ್ಕದ ಪ್ರಕಾರ 56 ಕೆ.ಜಿ. ಸುಟ್ಟ ಸುಣ್ಣ 18 ಕೆ.ಜಿ. ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಈ ಹಂತದಲ್ಲಿ ಹುಷಾರಾಗಿರಬೇಕು. ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಬೇಕು. ಸುಣ್ಣದ ರಾಶಿಯ ಮೇಲೆ ನೀರು ಸುರಿದರೆ ಕುದಿಯುವ ಸುಣ್ಣ ಮುಖಕ್ಕೆ ಸಿಡಿಯಬಹುದು. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು, ಪಕ್ಕದಲ್ಲಿ ತೊಳೆಯಲು ಚೊಕ್ಕ ನೀರು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಅರಳಿದ ಸುಣ್ಣವನ್ನು ನೀರಿನಡಿ ಮುಳುಗಿಸಿಟ್ಟರೆ ತಿಂಗಳುಗಟ್ಟಲೆ ಇಡಬಹುದು. ಇಟ್ಟಷ್ಟೂ ಕಣಗಳು ನಯವಾಗಿ, ಕರಣೆಗೆ ಚೆನ್ನಾಗಿ ಒಗ್ಗುತ್ತದೆ. ಮೂರು ವರ್ಷಕ್ಕಿಂತ ಎಳೆಯ ಸುಣ್ಣ ಬಳಸಬಾರದು ಎಂದು ಹಿಂದೆ ನಿಯಮವಿತ್ತು ಅಂತ ಪ್ರಾಚೀನ ರೋಮ್‌ನ ಲೇಖಕ ಪ್ಲಿನಿ ಬರೆದಿದ್ದಾನೆ. ಈಗ ಅಷ್ಟು ಕಾಯುವವರು ಯಾರು?

ಮರಳು ಬೆರೆಸಿ ಗೋಡೆಗೆ ಹಚ್ಚಿದ ಮೇಲೆ ಸುತ್ತಿನ ಕೊನೆಯ ಹಂತ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನೀರು ಬಿಟ್ಟು ಮತ್ತೆ ಸುಣ್ಣದಕಲ್ಲಾಗುತ್ತದೆ. ಇದು ಬರೀ ಒಣಗುವುದಲ್ಲ. ಈ ಬದಲಾವಣೆ ನಡೆಯಲು ಸ್ವಲ್ಪ ತೇವ ಇರಲೇಬೇಕು. ಬಿಸಿಲು, ಗಾಳಿಗೆ ಒಂದೇ ದಿನದಲ್ಲಿ ಒಣಗಿದ ಸುಣ್ಣದ ಗಿಲಾವು ಕೈಯಲ್ಲಿ ಉಜ್ಜಿದರೆ ಪುಡಿಯಾಗಿ ಬರುತ್ತದೆ. ಕೆಲಸದವರು ಒದ್ದೆ ಗೋಣಿ ಇಳಿಬಿಡುವುದು, ದಿನಕ್ಕೆ ಕೆಲವು ಸಲ ನೀರು ಚಿಮುಕಿಸುವುದು ಇದಕ್ಕೇ. ಗಾಳಿ ಒಳಗೆ ತಲುಪಬೇಕಾದ್ದರಿಂದ ಪದರ ದಪ್ಪವಾಗಿರಬಾರದು. ಸುಮಾರು ಒಂದು ಸೆಂಟಿಮೀಟರ್, ಅದು ಬಲಿತ ಮೇಲೆ ಇನ್ನೊಂದು. ಅವಸರದ ಕಾಂಟ್ರಾಕ್ಟರ್‌ಗೆ ಸುಣ್ಣ ಕೊಟ್ಟರೆ ಅವರೂ ಬೈತಾರೆ, ಸುಣ್ಣವೂ ಕೆಡುತ್ತದೆ.

ಇಂಥ ಸುಣ್ಣ ಗಾಳಿಯಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಬಾವಿ, ಸೇತುವೆ, ಬಂದರಿಗೆ ಏನು ಮಾಡುವುದು? ರೋಮನ್ನರು ಪೊಜ್ಜುವೋಲಿ ಊರಿನ ಸುತ್ತ ಸಿಗುವ ಜ್ವಾಲಾಮುಖಿ ಬೂದಿ ಬೆರೆಸಿದರು. ಅದರಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾ ಸುಣ್ಣದ ಜೊತೆ ಸೇರಿ ನೀರಿನೊಳಗೂ ಗಟ್ಟಿಯಾಗುವ ಬಂಧ ಕಟ್ಟುತ್ತವೆ. ಬೂದಿ ಸಿಗದ ಕಡೆ, ಕಡಿಮೆ ಉರಿಯಲ್ಲಿ ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಅದೇ ಕೆಲಸ ಮಾಡುತ್ತದೆ. ರೋಮ್‌ನ ಪ್ಯಾಂಥಿಯನ್ ಗುಮ್ಮಟ 43 ಮೀಟರ್ ಅಗಲವಿದೆ. ಒಳಗೆ ಒಂದು ಕಬ್ಬಿಣದ ಸರಳಿಲ್ಲ. 1,900 ವರ್ಷದಿಂದ ನಿಂತಿದೆ. ಅಲ್ಲಿ ಬಳಸಿದ್ದು ಸುಣ್ಣ ಮತ್ತು ಈ ಬೂದಿ. ರೋಮನ್ ಕಾಂಕ್ರೀಟಿನಲ್ಲಿ ಕಾಣುವ ಬಿಳಿ ಸುಣ್ಣದ ಗಂಟುಗಳನ್ನು ಕಲಸಿದವರ ಸೋಮಾರಿತನ ಎಂದು ಬಹಳ ಕಾಲ ತಿಳಿದಿದ್ದರು. 2023ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡ ಬೇರೆ ಮಾತು ಹೇಳಿತು. ಬಿರುಕಿಗೆ ನೀರು ಬಂದಾಗ ಈ ಗಂಟುಗಳ ಸುಣ್ಣ ಕರಗಿ, ಬಿರುಕಿನಲ್ಲೇ ಮತ್ತೆ ಕಲ್ಲಾಗಿ ಅದನ್ನು ಮುಚ್ಚುತ್ತದೆ ಅಂತ.

ಸುಣ್ಣದಕಲ್ಲಿನಲ್ಲೇ ಜೇಡಿ ಬೆರೆತಿದ್ದರೆ ಬೂದಿಯೂ ಬೇಡ. ಇದನ್ನು ಕಂಡುಕೊಂಡವರು ಇಂಗ್ಲೆಂಡಿನ ಜಾನ್ ಸ್ಮೀಟನ್. ಸಮುದ್ರದ ಬಂಡೆಯ ಮೇಲೆ ಎಡ್ಡಿಸ್ಟೋನ್ ದೀಪಸ್ತಂಭ ಕಟ್ಟಲು 1756ರಲ್ಲಿ ಹಲವು ಬಗೆಯ ಸುಣ್ಣ ಪರೀಕ್ಷಿಸಿದಾಗ ಈ ಗುಟ್ಟು ಸಿಕ್ಕಿತು. ಅದೇ ಜಾಡು ಮುಂದೆ ಸಿಮೆಂಟಿನ ಕಡೆಗೆ ಹೋಯಿತು. ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದರು.

ಗೋಡೆಗಿಂತ ಗಾರೆ ಮೆದುವಾಗಿರಬೇಕು

ಇದು ತಲೆಕೆಳಗಾದ ಮಾತು ಅನ್ನಿಸಬಹುದು. ಹಳೆಯ ಇಟ್ಟಿಗೆ, ಕಲ್ಲಿನ ಕಟ್ಟಡಗಳನ್ನು ರಿಪೇರಿ ಮಾಡುವವರು ಮೊದಲು ಕಲಿಯುವ ಪಾಠ ಮಾತ್ರ ಇದೇ.

ಗೋಡೆ ಒಂದೇ ಕಡೆ ನಿಲ್ಲುವುದಿಲ್ಲ. ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಅಡಿಪಾಯ ಕೂತಂತೆ ತುಸು ಜಗ್ಗುತ್ತದೆ. ಸಂದಿನಲ್ಲಿ ಸುಣ್ಣದ ಗಾರೆ ಇದ್ದರೆ ಆ ಓಲಾಟವನ್ನು ಅದು ತಿಂದುಕೊಳ್ಳುತ್ತದೆ. ನೂರಾರು ಸಂದುಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬರುತ್ತದೆ, ಕೆಲವು ತಾನೇ ಕೂಡಿಕೊಳ್ಳುತ್ತದೆ. ಸಿಮೆಂಟ್ ಗಾರೆ ಬಗ್ಗುವುದಿಲ್ಲ. ಹಾಗಾಗಿ ಬಿರುಕು ಒಂದೇ ಕಡೆ, ದೊಡ್ಡದಾಗಿ, ಇಟ್ಟಿಗೆಯನ್ನೇ ಸೀಳಿಕೊಂಡು ಬರುತ್ತದೆ.

ತೇವದ ಕಥೆಯೂ ಹೀಗೇ. ಸುಣ್ಣದ ಸಂದು ಇಟ್ಟಿಗೆಗಿಂತ ಸುಲಭವಾಗಿ ನೀರು ಬಿಡುತ್ತದೆ. ಗೋಡೆಯೊಳಗಿನ ತೇವ ಸಂದಿನ ಮೂಲಕ ಆರುತ್ತದೆ. ತೇವದ ಜೊತೆ ಬಂದ ಉಪ್ಪೂ ಅಲ್ಲೇ ಹರಳಾಗುತ್ತದೆ. ಹರಳು ಬೆಳೆದಂತೆ ಸುತ್ತಲಿನ ಪದಾರ್ಥ ಉದುರುತ್ತದೆ. ಉದುರುವುದು ಗಾರೆ. ಕೆಲವು ದಶಕಗಳಿಗೊಮ್ಮೆ ಹಳೆಯ ಗಾರೆ ಕೆರೆದು ಹೊಸದು ತುಂಬಿದರೆ ಆಯಿತು. ಅದೇ ಸಂದಿಗೆ ಸಿಮೆಂಟ್ ತುಂಬಿದರೆ ತೇವ ಇಟ್ಟಿಗೆಯ ಮುಖದಿಂದ ಹೊರಬರಬೇಕಾಗುತ್ತದೆ. ಉಪ್ಪು ಅಲ್ಲಿ ಹರಳಾಗಿ ಇಟ್ಟಿಗೆಯ ಮುಖ ಪದರ ಪದರವಾಗಿ ಕಳಚುತ್ತದೆ. ಸಿಮೆಂಟಿನ ಸಂದು ಮಾತ್ರ ಗೆರೆ ಗೆರೆಯಾಗಿ ಮುಂದಕ್ಕೆ ಚಾಚಿ ನಿಂತಿರುತ್ತದೆ. ಹಳೆಯ ಕಟ್ಟಡಗಳಲ್ಲಿ ಈ ದೃಶ್ಯ ಕಂಡರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಬಚ್ಚಲಿಗೆ ಸುಣ್ಣ ಆಗುವುದಿಲ್ಲ ಅನ್ನುವವರಿಗೆ ಮೊರಾಕ್ಕೊ ದೇಶದ ತಡೆಲಕ್ತ್ ತೋರಿಸಬೇಕು. ಸುಣ್ಣದ ಗಿಲಾವನ್ನು ನುಣುಪು ಕಲ್ಲಿನಿಂದ ತಿಕ್ಕಿ, ಮೇಲೆ ಆಲಿವ್ ಎಣ್ಣೆಯ ಸೋಪು ಹಚ್ಚುತ್ತಾರೆ. ಸೋಪು ಸುಣ್ಣದ ಜೊತೆ ಸೇರಿ ನೀರಿನಲ್ಲಿ ಕರಗದ ಪದರವಾಗುತ್ತದೆ. ಚೀನಾದಲ್ಲಿ ಗಾರೆಗೆ ಅಂಟು ಅಕ್ಕಿಯ ಗಂಜಿ ಬೆರೆಸುತ್ತಿದ್ದರು. ಅದರ ಪಿಷ್ಟ ಸುಣ್ಣದ ಹರಳುಗಳು ಸಣ್ಣದಾಗಿ, ಒತ್ತೊತ್ತಾಗಿ ಬೆಳೆಯುವಂತೆ ಮಾಡುತ್ತದೆ.

ಜೇಡಿ ಅಂಟುತ್ತದೆ, ಆದರೆ ಬಲಿಯುವುದಿಲ್ಲ

ಸುಣ್ಣ ಬದಲಾಗುತ್ತದೆ, ಜೇಡಿ ಬದಲಾಗುವುದಿಲ್ಲ. ಎರಡರ ನಡುವೆ ಇರುವ ದೊಡ್ಡ ವ್ಯತ್ಯಾಸ ಇದು. ಜೇಡಿಯ ಕಣಗಳು ಬಿಲ್ಲೆಯ ಹಾಗೆ ಚಪ್ಪಟೆ, ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತ ಚಿಕ್ಕವು. ನಡುವೆ ನೀರಿದ್ದರೆ ಜಾರುತ್ತವೆ, ನೀರು ಆರಿದರೆ ಒಂದಕ್ಕೊಂದು ಬಿಗಿಯುತ್ತವೆ. ಅಷ್ಟೇ. ಮತ್ತೆ ನೆನೆಸಿದರೆ ಮತ್ತೆ ಕೆಸರು.

ಇದು ದೋಷವೂ ಹೌದು, ಗುಣವೂ ಹೌದು. ಮಳೆಗೆ ಕರಗುತ್ತದೆ ಎನ್ನುವುದು ದೋಷ. ಹಳೆಯ ಗೋಡೆ ಕೆಡವಿ, ನೆನೆಸಿ, ತುಳಿದು ಅದೇ ಮಣ್ಣಲ್ಲಿ ಹೊಸ ಗೋಡೆ ಕಟ್ಟಬಹುದು ಎನ್ನುವುದು ಗುಣ. ಸುಡುವ ಕೆಲಸವೇ ಇಲ್ಲ.

ಯಾವ ಮಣ್ಣು ಆಗುತ್ತದೆ? ಮೇಲ್ಪದರದ ಕಪ್ಪು, ಬೇರು ತುಂಬಿದ ಮಣ್ಣು ಬೇಡ. ಅದು ಕೊಳೆಯುತ್ತದೆ, ಅದರ ಜಾಗ ಹೊಲ. ಅದರ ಕೆಳಗಿನ ಮಣ್ಣು ಬೇಕು. ಹಸಿ ಇಟ್ಟಿಗೆಗೆ ಸಾಮಾನ್ಯವಾಗಿ ನೂರಕ್ಕೆ 15ರಿಂದ 30 ಭಾಗ ಜೇಡಿ, ಉಳಿದದ್ದು ಮರಳು ಮತ್ತು ನುಣ್ಣನೆಯ ಹೂಳು. ಜೇಡಿ ಜಾಸ್ತಿಯಾದರೆ ಒಣಗುವಾಗ ಬಿರುಕು, ಕಡಿಮೆಯಾದರೆ ಪುಡಿ. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಅಲುಗಾಡಿಸಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ಕೂರುತ್ತದೆ, ಹೂಳಿಗೆ ಗಂಟೆಗಳು ಬೇಕು, ಜೇಡಿಗೆ ಒಂದು ದಿನವೋ ಇನ್ನೂ ಜಾಸ್ತಿಯೋ. ಪದರಗಳ ದಪ್ಪ ನೋಡಿದರೆ ಅಂದಾಜು ಸಿಗುತ್ತದೆ.

ಆದರೆ ಎಷ್ಟು ಜೇಡಿ ಎನ್ನುವುದರ ಜೊತೆ ಎಂಥ ಜೇಡಿ ಎನ್ನುವುದೂ ಮುಖ್ಯ. ಎರೆಮಣ್ಣಿನ ಜೇಡಿ ನೀರು ಕುಡಿದು ವಿಪರೀತ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಸೀಳುತ್ತದೆ. ಬಾಟಲಿ ಪರೀಕ್ಷೆ ಇದನ್ನು ಹೇಳುವುದಿಲ್ಲ. ಅದಕ್ಕೆ 60 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ ಮತ್ತು ಆಳದ ಮರದ ಅಚ್ಚಿನಲ್ಲಿ ಹದವಾಗಿ ಕಲಸಿದ ಮಣ್ಣು ತುಂಬಿ ಒಣಗಿಸಬೇಕು. ಎಷ್ಟು ಕುಗ್ಗಿತು ಅಂತ ಅಳೆಯಬೇಕು. ಇನ್ನೊಂದು ಸುಲಭದ ಪರೀಕ್ಷೆ ಇದೆ. ಆದಷ್ಟು ಕಡಿಮೆ ನೀರಲ್ಲಿ ಸಣ್ಣ ಉಂಡೆ ಕಟ್ಟಿ ಒಂದೂವರೆ ಮೀಟರ್ ಎತ್ತರದಿಂದ ಬೀಳಿಸಿ. ಒಡೆಯದೆ ಸ್ವಲ್ಪ ಚಪ್ಪಟೆಯಾದರೆ ಅಂಟು ಜಾಸ್ತಿ, ಮರಳು ಬೆರೆಸಿ. ಚೆಲ್ಲಾಪಿಲ್ಲಿಯಾದರೆ ಅಂಟು ಸಾಲದು.

ಮರಳು ಕುಗ್ಗುವುದನ್ನು ತಡೆಯುತ್ತದೆ. ಹುಲ್ಲು, ಹೊಟ್ಟು ಬಿರುಕನ್ನು ಹಿಡಿದಿಡುತ್ತವೆ. ಇವುಗಳ ಪ್ರಮಾಣ ಬದಲಾದಂತೆ ಕಟ್ಟುವ ರೀತಿಯೂ ಬದಲಾಗುತ್ತದೆ. ಅಚ್ಚಿನಲ್ಲಿ ಹಾಕಿದರೆ ಹಸಿ ಇಟ್ಟಿಗೆ. ಮುದ್ದೆ ಮುದ್ದೆಯಾಗಿ ಪೇರಿಸಿದರೆ ಮುದ್ದೆ ಗೋಡೆ. ಹಲಗೆಗಳ ನಡುವೆ ಅರೆತೇವದ ಮಣ್ಣು ತುಂಬಿ ದಿಮ್ಮಿಯಿಂದ ಬಡಿದರೆ ಬಡಿದ ಮಣ್ಣಿನ ಗೋಡೆ. ಬಿದಿರ ತಟ್ಟಿಗೆ ಮೆತ್ತಿದರೆ ತಟ್ಟಿ ಗೋಡೆ. ಯಂತ್ರದಲ್ಲಿ ಒತ್ತಿದರೆ ಒತ್ತಿಟ್ಟಿಗೆ.

ಒತ್ತಿಟ್ಟಿಗೆಗೆ ನೂರಕ್ಕೆ ಐದರಿಂದ ಎಂಟು ಭಾಗ ಸಿಮೆಂಟ್ ಬೆರೆಸುವುದು ಈಗ ರೂಢಿ. ನೀರಿಗೆ ಜಗ್ಗುವುದಿಲ್ಲ, ನಿಜ. ಆದರೆ ಮತ್ತೆ ಕಲಸಿ ಬಳಸುವ ಗುಣ ಹೋಗುತ್ತದೆ. ಮಾಡು ಚಾಚಿದ್ದು ತಳ ಎತ್ತರವಾಗಿದ್ದರೆ ಆ ಸಿಮೆಂಟು ಎಷ್ಟೋ ಕಡೆ ಸುಮ್ನೆ ಖರ್ಚು ಎಂದು ನನಗನ್ನಿಸುತ್ತದೆ. ಬೆರೆಸಲೇಬೇಕಾದರೆ ಮರಳು ಜಾಸ್ತಿ ಇರುವ ಮಣ್ಣಿಗೆ ಸಿಮೆಂಟ್, ಜೇಡಿ ಜಾಸ್ತಿ ಇರುವುದಕ್ಕೆ ಸುಣ್ಣ ಒಗ್ಗುತ್ತದೆ. ಸುಣ್ಣ ಜೇಡಿಯ ಜೊತೆಯೇ ಸೇರಿ ಬಂಧ ಕಟ್ಟುತ್ತದೆ. ಹಾಗಂತ ಒಂದು ಹಿಡಿ ಉದುರಿಸಿ ಕೂರಬೇಡಿ. ತೀರಾ ಕಡಿಮೆ ಸುಣ್ಣ ಜೇಡಿಯ ಅಂಟನ್ನು ಮುರಿದು ಗೋಡೆಯನ್ನು ಮೊದಲಿಗಿಂತ ದುರ್ಬಲ ಮಾಡುವುದುಂಟು.

ಮನೆಯೊಳಗೆ ಜೇಡಿ ಗಿಲಾವಿನಿಂದ ಇನ್ನೊಂದು ಲಾಭವಿದೆ. ಗಾಳಿಯ ತೇವಾಂಶ ಶೇಕಡಾ 50ರಿಂದ 80ಕ್ಕೆ ಏರಿದರೆ, ಎರಡು ದಿನದಲ್ಲಿ ಹಸಿ ಇಟ್ಟಿಗೆ ಗೋಡೆಯ ಮೇಲಿನ ಒಂದೂವರೆ ಸೆಂಟಿಮೀಟರ್ ಪದರವೇ ಪ್ರತಿ ಚದರ ಮೀಟರಿಗೆ ಸುಮಾರು 300 ಗ್ರಾಂ ನೀರು ಹೀರಬಲ್ಲದು. ಗಾಳಿ ಒಣಗಿದಾಗ ಅದನ್ನು ವಾಪಸ್ ಕೊಡುತ್ತದೆ. ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಈ ಕೆಲಸ ಅಲ್ಲಿಗೇ ನಿಂತಿತು.

ಪರಿಸರದ ಲೆಕ್ಕ ಅಷ್ಟು ಸರಳವಲ್ಲ

‘ಸುಣ್ಣ ಒಳ್ಳೆಯದು, ಸಿಮೆಂಟ್ ಕೆಟ್ಟದ್ದು’ ಎನ್ನುವ ಮಾತು ಎಲ್ಲೆಡೆ ಕೇಳುತ್ತದೆ. ಅರ್ಧ ಸತ್ಯ. ಸಿಮೆಂಟಿಗೆ ಸುಮಾರು 1,450 ಡಿಗ್ರಿ ಉರಿ ಬೇಕು. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಅದರ ಪಾಲು ಶೇಕಡಾ 7–8ರಷ್ಟು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಇಂಧನದಿಂದಲ್ಲ, ಸುಣ್ಣದಕಲ್ಲಿನಿಂದಲೇ. ಸುಣ್ಣವೂ ಅದೇ ಕಲ್ಲಲ್ವಾ? ಮೇಲಿನ ಲೆಕ್ಕ ನೋಡಿ. ಒಂದು ಕೆ.ಜಿ. ಸುಟ್ಟ ಸುಣ್ಣಕ್ಕೆ ಕಲ್ಲಿನಿಂದಲೇ ಸುಮಾರು 0.79 ಕೆ.ಜಿ. ಅನಿಲ ಹೋಗುತ್ತದೆ. ಕೆ.ಜಿ.ಗೆ ಕೆ.ಜಿ. ಹೋಲಿಸಿದರೆ ಸುಣ್ಣ ಸಿಮೆಂಟಿಗಿಂತ ಒಳ್ಳೆಯದೇನೂ ಅಲ್ಲ.

ಸುಣ್ಣ ಗೆಲ್ಲುವುದು ಬೇರೆ ಕಡೆ. ಗಟ್ಟಿಯಾಗುವಾಗ ಕಲ್ಲಿನಿಂದ ಹೋದ ಅನಿಲದ ಬಹುಪಾಲನ್ನು ಮತ್ತೆ ಹೀರುತ್ತದೆ. ಇಂಧನದ ಹೊಗೆ ಮಾತ್ರ ಲೆಕ್ಕದಲ್ಲಿ ಉಳಿಯುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯನ್ನು ಒಡೆಯದೆ ಬಿಡಿಸಿ ಮತ್ತೆ ಬಳಸಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಇಡೀ ಗೋಡೆ ಹಸಿ ಮಣ್ಣಿನದಾಗಿದ್ದು, ಮಳೆ ಬೀಳುವ ಮುಖಕ್ಕೆ ಮಾತ್ರ ತೆಳು ಸುಣ್ಣ ಇದ್ದರೆ ಉಳಿತಾಯ ನಿಜಕ್ಕೂ ದೊಡ್ಡದು. ಗೋಡೆ ಪೂರ್ತಿ ಸುಟ್ಟ ಇಟ್ಟಿಗೆಯದಾಗಿ, ಮೇಲೆ ದೂರದೂರಿನಿಂದ ತರಿಸಿದ ದುಬಾರಿ ಸುಣ್ಣ ಬಳಿದು ‘ಪರಿಸರಸ್ನೇಹಿ’ ಅಂದರೆ ಅದು ಬಣ್ಣದ ಮಾತು. ಮಣ್ಣು ತೂಕದ ಸರಕು. ನೂರಾರು ಕಿಲೋಮೀಟರ್ ಲಾರಿಯಲ್ಲಿ ಬಂದರೆ ಅದರ ಲಾಭ ಡೀಸೆಲ್‌ನಲ್ಲೇ ಕರಗುತ್ತದೆ. ಅಡಿಪಾಯಕ್ಕೆ ತೋಡಿದ ಗುಂಡಿಯ ಮಣ್ಣೇ ಗೋಡೆಯಾದರೆ ಅದಕ್ಕಿಂತ ಅಗ್ಗದ್ದು ಇಲ್ಲ.

ಸಿಮೆಂಟಿನ ಒಳಗೂ ಜೇಡಿ ಬರುತ್ತಿದೆ. ಎಲ್‌ಸಿ3 ಎಂಬ ಹೊಸ ಬಗೆಯಲ್ಲಿ ಸುಟ್ಟ ಜೇಡಿ ಮತ್ತು ಸುಡದ ಸುಣ್ಣದಕಲ್ಲಿನ ಪುಡಿ ಸೇರಿ ಅರ್ಧದಷ್ಟು ಕ್ಲಿಂಕರಿನ, ಅಂದರೆ ಸಿಮೆಂಟಿಗಾಗಿ 1,450 ಡಿಗ್ರಿಯಲ್ಲಿ ಸುಟ್ಟ ಗಂಟುಗಳ, ಜಾಗ ತುಂಬುತ್ತವೆ. ಆ ಜೇಡಿಗೆ 700–850 ಡಿಗ್ರಿ ಸಾಕು. ಹೊರಹೋಗುವ ಅನಿಲ ಶೇಕಡಾ 30–40ರಷ್ಟು ಇಳಿಯುತ್ತದೆ.

ಮಣ್ಣಿನ ಗೋಡೆ ತಂಪು ಎನ್ನುವುದಕ್ಕೂ ಷರತ್ತಿದೆ. ದಪ್ಪ ಗೋಡೆ ಹಗಲಿನ ಬಿಸಿಯನ್ನು ಗಂಟೆಗಟ್ಟಲೆ ತಡೆದು ರಾತ್ರಿ ಬಿಡುತ್ತದೆ. ಹಗಲು ಉರಿ, ರಾತ್ರಿ ತಂಪು ಇರುವ ಒಣ ಪ್ರದೇಶಕ್ಕೆ ಇದು ಹೇಳಿ ಮಾಡಿಸಿದ್ದು. ರಾತ್ರಿಯೂ ಸೆಕೆ ಇರುವ ಕಡೆ ಗಾಳಿ, ನೆರಳಿನ ಕೆಲಸವೇ ಹೆಚ್ಚು. ಕೊರೆಯುವ ಚಳಿಯ ಕಡೆ ಬರೀ ಮಣ್ಣು ಸಾಲದು. ಹುಲ್ಲಿನ ಪಿಂಡಿಯನ್ನೋ, ಸೆಣಬಿನಂಥ ಗಿಡದ ತಿರುಳನ್ನು ಸುಣ್ಣದಲ್ಲಿ ಕಲಸಿದ್ದನ್ನೋ ಜೊತೆಗೆ ಸೇರಿಸುತ್ತಾರೆ.

ಭೂಕಂಪದ ವಿಷಯ ಇನ್ನೂ ಗಂಭೀರ. 2003ರ ಡಿಸೆಂಬರ್ 26ರಂದು ಇರಾನಿನ ಬಾಮ್ ನಗರದಲ್ಲಿ ಭೂಮಿ ನಡುಗಿತು. ಪುರಾತನ ಮಣ್ಣಿನ ಕೋಟೆ ನೆಲಸಮವಾಯಿತು, 25,000ಕ್ಕೂ ಹೆಚ್ಚು ಜನ ಸತ್ತರು. ಮಣ್ಣು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ಭೂಕಂಪದ ವಲಯದಲ್ಲಿ ಭಾರದ ಮಣ್ಣಿನ ಮಾಡು ಬೇಡವೇ ಬೇಡ. ಗೋಡೆಗಳ ತಲೆಯನ್ನು ಸುತ್ತಲೂ ಒಂದೇ ಪಟ್ಟಿಯಿಂದ ಕಟ್ಟಬೇಕು, ಬಾಗಿಲು ಕಿಟಕಿ ಮೂಲೆಯಿಂದ ದೂರ ಇರಬೇಕು, ಗೋಡೆಯೊಳಗೆ ಬಿದಿರು ಅಥವಾ ಬಲೆ ಹಾಕಬೇಕು. ಪೆರು ದೇಶದ ಎಂಜಿನಿಯರ್‌ಗಳು ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಎಂಜಿನಿಯರ್ ಇಲ್ಲದೆ ಇಂಥ ಕಡೆ ಕಟ್ಟಬೇಡಿ.

ಕೊನೆಗೆ ನಿರ್ವಹಣೆ. ಮಾಲಿ ದೇಶದ ಜೆನ್ನೆಯಲ್ಲಿ 1907ರಲ್ಲಿ ಮತ್ತೆ ಕಟ್ಟಿದ ದೊಡ್ಡ ಮಸೀದಿಯಿದೆ. ಪೂರ್ತಿ ಮಣ್ಣಿನದು. ಊರಿನವರು ವರ್ಷಕ್ಕೊಮ್ಮೆ ಸೇರಿ ಅದಕ್ಕೆ ಹೊಸ ಮಣ್ಣು ಮೆತ್ತುತ್ತಾರೆ. ಗೋಡೆಯಿಂದ ಚಾಚಿದ ತಾಳೆ ಮರದ ತುಂಡುಗಳೇ ಏಣಿಮೆಟ್ಟಿಲು. ಎಲ್ಲ ಮನೆಗೂ ಅಷ್ಟು ಕೆಲಸ ಬೇಕಿಲ್ಲ. ಸೂರು ಅರ್ಧ ಮೀಟರಿಗಿಂತ ಹೆಚ್ಚು ಚಾಚಿದ್ದರೆ, ಕಲ್ಲಿನ ತಳ ನೆಲದಿಂದ ಎರಡು ಅಡಿ ಎದ್ದಿದ್ದರೆ, ಬುಡದಲ್ಲಿ ನೀರು ನಿಲ್ಲದಿದ್ದರೆ ಆಗಾಗ ಸುಣ್ಣ ಬಳಿದರೆ ಸಾಕು. ಗೆದ್ದಲು ಬಂದಿದೆಯಾ, ಸೂರು ಸೋರುತ್ತಿದೆಯಾ ಅಂತ ಮಳೆಗೆ ಮೊದಲು ಒಂದು ಸುತ್ತು ನೋಡಬೇಕು.

ಕೆಲಸ ಶುರು ಮಾಡುವ ಮೊದಲು ನಿಮ್ಮದೇ ಮಣ್ಣು, ನಿಮ್ಮದೇ ಮರಳು, ನಿಮ್ಮದೇ ಸುಣ್ಣದಲ್ಲಿ ಮೂರ್ನಾಲ್ಕು ಹದದ ತೇಪೆ ಹಾಕಿ ನೋಡಿ. ಒಂದೊಂದೂ ಒಂದು ಚದರ ಮೀಟರ್ ಇರಲಿ. ಮಳೆ ಬಡಿಯುವ ಗೋಡೆಯೇ ಆಗಲಿ. ಪ್ರತಿಯೊಂದರ ಪಕ್ಕ ಅಳತೆ ಬರೆದಿಡಿ. ಒಂದು ಮಳೆಗಾಲ ಮುಗಿದ ಮೇಲೆ ಯಾವುದು ಬಿರುಕು ಬಿಟ್ಟಿದೆ, ಯಾವುದು ಉಜ್ಜಿದರೆ ಉದುರುತ್ತದೆ ಅಂತ ನೋಡಿ ಆಮೇಲೆ ಮೇಸ್ತ್ರಿಗೆ ಹದ ಹೇಳಿ.